ಕೈತೋಟದ ಕೀಟಗಳಿಗೆ ಸಾಬೂನು ನೀರು: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಗರ್ಭಿಣಿಗೂ ಬಾಣಂತಿಗೂ ಬೆಳೆಯುವ ಮಗುವಿಗೂ ನಿತ್ಯದ ಊಟದಲ್ಲಿ ಹಸಿರು ಕಾಯಿಪಲ್ಯ ಇರಬೇಕೆಂಬುದು ಎಲ್ಲರೂ ಬಲ್ಲ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಇದಕ್ಕೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಅದರ ಜೊತೆಗೆ ಹರಿವೆ, ಮೆಂತ್ಯ, ನುಗ್ಗೆಸೊಪ್ಪು, ಪುಂಡಿಪಲ್ಯ, ಅಲಸಂದೆ ಮುಂತಾದವನ್ನು ಹಿತ್ತಲಿನಲ್ಲಿಯೇ ಬೆಳೆದುಕೊಂಡರೆ ಹೆಚ್ಚಿನ ಖರ್ಚಿಲ್ಲದೆ ಪೌಷ್ಟಿಕ ಆಹಾರ ದೊರೆಯುತ್ತದೆ.

ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಭಾಗಗಳಲ್ಲಿ ಮಳೆ ಅಧಿಕ. ಬೀಡಿ, ಇಟಗಿ ಕಡೆಗೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಆದರೆ ಎರಡೂ ಕಡೆಗಳಲ್ಲಿ ಮಳೆಗಾಲ ಮುಗಿದು ಹಿತ್ತಲಿಗೆ ಕಾಯಿಪಲ್ಯ ಹಾಕಿದ ಮೇಲೆ ತೊಂದರೆ ಒಂದೇ. ಅಲಸಂದೆಯ ಕುಡಿಗೆ ಕಪ್ಪು ಹೇನು, ಬೆಂಡೆಗೆ ಬಿಳಿ ನೊಣ, ಬದನೆಗೆ ಮತ್ತು ಪಪ್ಪಾಯಿಗೆ ಹಿಟ್ಟು ತಿಗಣೆ ಹತ್ತುತ್ತವೆ. ಆಗ ಮನೆಯ ಯಜಮಾನನು ಕಬ್ಬಿಗೋ ಭತ್ತಕ್ಕೋ ತಂದ ಕ್ರಿಮಿನಾಶಕದಲ್ಲಿ ಉಳಿದುದನ್ನು ಹಿತ್ತಲಿಗೂ ಹೊಡೆದುಬಿಡುವುದುಂಟು. ಈ ಲೇಖನದ ಉದ್ದೇಶ ಅದನ್ನು ತಪ್ಪಿಸುವುದು.

ಗದ್ದೆಯ ವಿಷ ಹಿತ್ತಲಿಗೆ ಬಾರದಿರಲಿ

ನಮ್ಮ ಕಡೆ ಕ್ರಿಮಿನಾಶಕಕ್ಕೆ ‘ಎಣ್ಣೆ’ ಎಂದೂ ‘ಔಷಧ’ ಎಂದೂ ಹೇಳುವ ರೂಢಿಯಿದೆ. ಅದು ಎಣ್ಣೆಯೂ ಅಲ್ಲ, ಔಷಧವೂ ಅಲ್ಲ, ವಿಷ. ಗದ್ದೆಯ ಬೆಳೆ ಕೊಯ್ಲಿಗೆ ಬರಲು ತಿಂಗಳುಗಳು ಬೇಕು. ಹಿತ್ತಲಿನ ಸೊಪ್ಪನ್ನಾದರೋ ಇಂದು ಸಿಂಪಡಿಸಿ ನಾಳೆಯೇ ಕೊಯ್ದು ಪಲ್ಯ ಮಾಡುತ್ತೇವೆ. ಆದುದರಿಂದ ಅದೇ ವಿಷ ಹಿತ್ತಲಿಗೆ ಬಂದರೆ ನೇರವಾಗಿ ಮಗುವಿನ ತಟ್ಟೆಗೆ ಬಂದಂತೆಯೇ ಸರಿ. ಮೋನೋಕ್ರೋಟೋಫಾಸ್ ಎಂಬ ಕ್ರಿಮಿನಾಶಕವನ್ನು ತರಕಾರಿಗಳ ಮೇಲೆ ಬಳಸಬಾರದೆಂದು ನಮ್ಮ ದೇಶದಲ್ಲಿ 2005ರಲ್ಲಿಯೇ ನಿಷೇಧಿಸಲಾಯಿತು.

ವಿಷದ ಖಾಲಿ ಡಬ್ಬಿಯೂ ಅಪಾಯಕಾರಿಯೇ. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಅಸುನೀಗಿದರು. ಅಡುಗೆಯ ಎಣ್ಣೆಯಲ್ಲಿ ಇದೇ ಮೋನೋಕ್ರೋಟೋಫಾಸ್ ಸೇರಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ವಿಷದ ಡಬ್ಬಿಗಳನ್ನು ಎಷ್ಟು ತೊಳೆದರೂ ಎಣ್ಣೆ, ನೀರು, ಕಾಳುಗಳಿಗೆ ಬಳಸಕೂಡದು. ವಿಷವನ್ನು ಅಡುಗೆಮನೆಯಿಂದ ದೂರವಾಗಿ ಬೀಗ ಹಾಕಿದ ಜಾಗದಲ್ಲಿಡಬೇಕು.

ಸಾಬೂನು ನೀರು ಕೆಲಸ ಮಾಡುವ ಬಗೆ

ಹೇನು, ಬಿಳಿ ನೊಣ, ನುಸಿ, ಹಿಟ್ಟು ತಿಗಣೆಯ ಮರಿ ಇವೆಲ್ಲ ಮೆತ್ತನೆಯ ಮೈಯುಳ್ಳವು. ಅವುಗಳ ಮೈಮೇಲೆ ಒಣಗದಂತೆ ಕಾಪಾಡುವ ಒಂದು ತೆಳುವಾದ ಮೇಣದ ಪದರವಿರುತ್ತದೆ. ಸಾಬೂನು ಈ ಪದರವನ್ನು ಕೆಡಿಸಿ, ಉಸಿರಾಡುವ ರಂಧ್ರಗಳನ್ನೂ ಮುಚ್ಚುವುದರಿಂದ ಅವು ಸಾಯುತ್ತವೆ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ನೀರು ಕೀಟದ ಮೈಗೆ ತಾಕಲೇಬೇಕು. ಹೇನುಗಳು ಎಲೆಯ ಅಡಿಯಲ್ಲಿ ಅಡಗಿರುವಾಗ ಮೇಲೆ ಮಾತ್ರ ಸಿಂಪಡಿಸಿದರೆ ಪ್ರಯೋಜನವಿಲ್ಲ. ಎರಡನೆಯದು, ಒಣಗಿದ ಮೇಲೆ ಸಾಬೂನಿಗೆ ಕೊಲ್ಲುವ ಶಕ್ತಿ ಉಳಿಯುವುದಿಲ್ಲ. ಆದಕಾರಣ 5ರಿಂದ 7 ದಿನಗಳಿಗೊಮ್ಮೆ ಪುನಃ ಸಿಂಪಡಿಸಬೇಕಾಗುತ್ತದೆ. ಊಟದ ಸೊಪ್ಪಿಗೆ ಇದು ತಕ್ಕುದಾಗಿರುವುದೂ ಇದೇ ಕಾರಣದಿಂದ.

ಎಲೆ ತಿನ್ನುವ ದೊಡ್ಡ ಹುಳುಗಳಿಗೂ ಬದನೆಯ ಕಾಯಿಕೊರಕಕ್ಕೂ ಸಾಬೂನು ನೀರು ನಾಟುವುದಿಲ್ಲ. ಹುಳುಗಳನ್ನು ಕೈಯಿಂದ ಆರಿಸಿ ತೆಗೆಯಬೇಕು. ಕೊರೆದ ಕಾಯಿ ಹಾಗೂ ಬಾಡಿದ ಕುಡಿಗಳನ್ನು ಕಿತ್ತು ನಾಶಪಡಿಸಬೇಕು.

ತಯಾರಿಸುವ ವಿಧಾನ

1. ಬಟ್ಟೆ ಒಗೆಯುವ ಸಾದಾ ಬಾರ್ ಸಾಬೂನನ್ನು ತೆಗೆದುಕೊಳ್ಳಿರಿ. ಡಿಟರ್ಜೆಂಟ್ ಪುಡಿ ಅಥವಾ ಡಿಟರ್ಜೆಂಟ್ ಬಿಲ್ಲೆ ಬೇಡ. ಅದು ಎಲೆಯನ್ನು ಸುಡುವ ಸಂಭವ ಹೆಚ್ಚು.

2. ಒಂದು ಲೀಟರ್ ನೀರಿಗೆ 5 ಗ್ರಾಂ ಸಾಬೂನು ಸಾಕು. ಎಂದರೆ 100 ಗ್ರಾಂ ತೂಕದ ಬಿಲ್ಲೆಯಲ್ಲಿ ಇಪ್ಪತ್ತನೆಯ ಒಂದು ಪಾಲು. ಅದನ್ನು ತುರಿದು ಸ್ವಲ್ಪ ಬಿಸಿನೀರಿನಲ್ಲಿ ಪೂರ್ಣ ಕರಗಿಸಿ, ಬಳಿಕ ತಣ್ಣೀರು ಸೇರಿಸಿರಿ.

3. ನೀರು ಗಡಸಾಗಿದ್ದರೆ ಸಾಬೂನು ನೊರೆ ಬಾರದೆ ಕೆನೆಯಂತೆ ಒಡೆದು ನಿಲ್ಲುತ್ತದೆ. ಅಂತಹ ನೀರಿನಿಂದ ಕೀಟ ಸಾಯದು, ಸಿಂಪಡಿಸುವ ಸಾಧನವೂ ಕಟ್ಟಿಕೊಳ್ಳುವುದು. ನಿಮ್ಮ ಕೊಳವೆಬಾವಿಯ ನೀರು ಹೀಗಿದ್ದರೆ ಹಿಡಿದಿಟ್ಟ ಮಳೆನೀರನ್ನು ಉಪಯೋಗಿಸಿರಿ.

4. ಮೊದಲು ಎರಡು ಮೂರು ಎಲೆಗಳಿಗೆ ಮಾತ್ರ ಸಿಂಪಡಿಸಿ ಒಂದು ದಿನ ಕಾಯಿರಿ. ಎಲೆ ಸುಟ್ಟಂತೆ ಕಂಡರೆ ಇನ್ನಷ್ಟು ನೀರು ಬೆರೆಸಿರಿ. ಎಳೆಯ ಸಸಿಗಳಿಗೂ ಬಾಡಿದ ಗಿಡಗಳಿಗೂ ಸಿಂಪಡಿಸಬೇಡಿರಿ.

5. ಬಿಸಿಲು ಇಳಿದ ಮೇಲೆ, ಮಳೆಯ ಲಕ್ಷಣವಿಲ್ಲದ ದಿನ ಸಿಂಪಡಿಸಿರಿ. ಅಂದಿನ ಅಡುಗೆಗೆ ಬೇಕಾದ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳಿರಿ. ಮರುದಿನದ ಕೊಯ್ಲನ್ನು ಎರಡು ಮೂರು ನೀರಿನಲ್ಲಿ ತೊಳೆದು ಬಳಸಿರಿ.

6. ಗದ್ದೆಗೆ ವಿಷ ಹೊಡೆದ ಪಂಪನ್ನು ಇದಕ್ಕೆ ಬಳಸಲೇಕೂಡದು. ಚಿಕ್ಕ ಕೈಪಂಪು ಪ್ರತ್ಯೇಕವಾಗಿರಲಿ.

ಎಣ್ಣೆ ಬೆರೆಸುವುದು

ಸಾಬೂನು ನೀರೊಂದೇ ಸಾಲದಿದ್ದಲ್ಲಿ ಬೇವಿನ ಎಣ್ಣೆ ಅಥವಾ ಹೊಂಗೆಯ ಎಣ್ಣೆಯನ್ನು ಲೀಟರಿಗೆ 5 ಮಿಲಿಲೀಟರ್, ಎಂದರೆ ಒಂದು ಚಹಾ ಚಮಚೆಯಷ್ಟು, ಸೇರಿಸಬಹುದು. ಎಣ್ಣೆ ನೀರಿನೊಡನೆ ಬೆರೆಯದು. ಅವೆರಡನ್ನು ಬೆರೆಸುವುದೇ ಸಾಬೂನು. ಆದುದರಿಂದ ಬಿಸಿ ಸಾಬೂನು ದ್ರಾವಣಕ್ಕೆ ಎಣ್ಣೆಯನ್ನು ಮೊದಲು ಹಾಕಿ ಹಾಲಿನಂತೆ ಬೆಳ್ಳಗಾಗುವವರೆಗೆ ಕಲಕಿ, ಅನಂತರ ನೀರು ಹೊಯ್ಯಬೇಕು. ಎಣ್ಣೆ ಮೇಲೆ ತೇಲುತ್ತಿದ್ದರೆ ಸಿಂಪಡಿಸಬಾರದು, ಎಲೆ ಸುಟ್ಟುಹೋಗುವುದು. ಮಾಡಿದ ದ್ರಾವಣವನ್ನು ಅಂದೇ ಮುಗಿಸಬೇಕು.

ನೀಲಗಿರಿ, ಲವಂಗ, ಮಜ್ಜಿಗೆ ಹುಲ್ಲು ಮುಂತಾದವುಗಳ ಸುಗಂಧ ತೈಲಗಳೂ ಕೆಲವು ಕೀಟಗಳನ್ನು ದೂರವಿಡುತ್ತವೆ. ಆದರೆ ಅವು ಬೇಗನೆ ಆರಿಹೋಗುತ್ತವೆ, ಬೆಲೆಯೂ ಹೆಚ್ಚು. ಬಳಸುವುದಾದರೆ ಲೀಟರ್ ಸಾಬೂನು ನೀರಿಗೆ ಹತ್ತು ಹನಿಗಿಂತ ಹೆಚ್ಚು ಬೇಡ.

ಮನೆಯಲ್ಲಿ ಮಾಡಿದ್ದೆಲ್ಲ ನಿರಪಾಯವಲ್ಲ

ಈ ಮಾತನ್ನು ದಂಪತಿಗಳು ಮುಖ್ಯವಾಗಿ ನೆನಪಿಡಬೇಕು.

ಬೇವಿನ ಎಣ್ಣೆ ಗಿಡಕ್ಕೆ ಹಿತವಾದರೂ ಹಸುಗೂಸಿನ ಹೊಟ್ಟೆಗೆ ವಿಷ. ಅದನ್ನು ಕುಡಿಸಿದ ಮಕ್ಕಳಿಗೆ ವಾಂತಿ, ಮಂಪರು, ಫಿಟ್ಸ್ ಬಂದು ಪ್ರಾಣಾಪಾಯವಾದ ಪ್ರಸಂಗಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ. ಜಂತುವಿಗೆಂದೋ ನೆಗಡಿಗೆಂದೋ ಮಗುವಿಗೆ ಅದನ್ನು ಕುಡಿಸಕೂಡದು, ಗರ್ಭಿಣಿಯೂ ಸೇವಿಸಕೂಡದು. ನೀಲಗಿರಿ ಎಣ್ಣೆ ಮತ್ತು ಕರ್ಪೂರದ ಎಣ್ಣೆಗಳನ್ನು ಸ್ವಲ್ಪವೇ ನುಂಗಿದರೂ ಎಳೆಯ ಮಕ್ಕಳಿಗೆ ಫಿಟ್ಸ್ ಬರಬಹುದು.

ತಂಬಾಕಿನ ಕಷಾಯ ಮಾಡಿ ಸಿಂಪಡಿಸುವ ಹಳೆಯ ಪದ್ಧತಿಯೊಂದಿದೆ. ನಿಪ್ಪಾಣಿಯ ತಂಬಾಕು ನಮ್ಮ ಜಿಲ್ಲೆಯದೇ ಆದುದರಿಂದ ಸುಲಭವಾಗಿ ಸಿಗುವುದೂ ನಿಜ. ಆದರೆ ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ದೇಹವನ್ನು ಸೇರುವ ವಿಷ. ತಲೆಸುತ್ತು, ವಾಂತಿ ತರುತ್ತದೆ, ಗರ್ಭಸ್ಥ ಶಿಶುವಿಗೂ ಹಾನಿಕರ. ಹಿತ್ತಲಿಗೆ ಅದು ಬೇಡವೇ ಬೇಡ.

ಸಾಬೂನನ್ನೇ ಮನೆಯಲ್ಲಿ ತಯಾರಿಸಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಬೇಕಾದ ಕಾಸ್ಟಿಕ್ ಸೋಡಾ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಮಗು ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಕೈಗೊಳ್ಳದಿರುವುದೇ ಲೇಸು. ಕೊಂಡು ತಂದ ಒಂದು ಬಿಲ್ಲೆ ಇಪ್ಪತ್ತು ಲೀಟರಿಗೆ ಸಾಲುವುದು.

ಉಳಿದ ದ್ರಾವಣವನ್ನು ಕೆರೆಗಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿರಿ. ಸಾಬೂನೂ ಬೇವಿನ ಎಣ್ಣೆಯೂ ಮೀನುಗಳಿಗೆ ಮಾರಕ.

ಯಾರು ಸಿಂಪಡಿಸಬೇಕು?

ಹಿತ್ತಲಿನ ಕೆಲಸ ಹೆಂಗಸರದೆಂದು ಗಂಡಸರು ಕೈಕಟ್ಟಿ ಕೂಡುವುದು ಸರಿಯಲ್ಲ. ಹೆಂಡತಿ ಗರ್ಭಿಣಿಯಾಗಿರುವಾಗ ಅಥವಾ ಬಾಣಂತಿಯಾಗಿರುವಾಗ ಸಿಂಪಡಿಸುವ ಕೆಲಸವನ್ನು ಗಂಡನೇ ಮಾಡತಕ್ಕದ್ದು. ಗಾಳಿಗೆ ಬೆನ್ನು ಕೊಟ್ಟು ನಿಂತು, ಮಕ್ಕಳನ್ನು ದೂರವಿರಿಸಿ ಸಿಂಪಡಿಸಿ, ಬಳಿಕ ಕೈಕಾಲು ತೊಳೆಯಬೇಕು. ಗದ್ದೆಗೆ ವಿಷ ಹೊಡೆದು ಬಂದ ದಿನವಂತೂ ಸ್ನಾನ ಮಾಡಿಯೇ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು.

ಅವಘಡ ಸಂಭವಿಸಿದರೆ

ಕ್ರಿಮಿನಾಶಕ ಮೈಗೆ ತಾಗಿದಾಗ ಅಥವಾ ಹೊಟ್ಟೆಗೆ ಹೋದಾಗ ಜೊಲ್ಲು ಸುರಿಯುವುದು, ವಿಪರೀತ ಬೆವರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಮಾಂಸಖಂಡಗಳು ಅದುರುವುದು, ಉಸಿರಾಟಕ್ಕೆ ತೊಂದರೆ ಮುಂತಾದ ಲಕ್ಷಣಗಳು ಕಾಣಬಹುದು. ಕೂಡಲೆ ಬಟ್ಟೆಗಳನ್ನು ತೆಗೆದು, ಸಾಬೂನು ಹಚ್ಚಿ ಮೈ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ಶುದ್ಧ ನೀರು ಹಾಯಿಸಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಹಾಲು, ಎಣ್ಣೆ ಏನನ್ನೂ ಕುಡಿಸಬೇಡಿರಿ. 108ಕ್ಕೆ ಫೋನು ಮಾಡಿ ಹತ್ತಿರದ ಆಸ್ಪತ್ರೆಗೆ ಕರೆತನ್ನಿರಿ. ವಿಷದ ಡಬ್ಬಿಯನ್ನು ಚೀಟಿಯ ಸಮೇತ ತಂದರೆ ಯಾವ ವಿಷವೆಂದು ತಿಳಿದು ತಕ್ಕ ಚಿಕಿತ್ಸೆ ಬೇಗ ಆರಂಭಿಸಬಹುದು. ಬೇವಿನ ಎಣ್ಣೆ ಅಥವಾ ನೀಲಗಿರಿ ಎಣ್ಣೆ ಕುಡಿದ ಮಗುವಿಗೂ ಇದೇ ನಿಯಮ. ಲಕ್ಷಣಗಳು ಕಾಣುವವರೆಗೆ ಕಾಯಬಾರದು.

ಕೀಟದ ಹಾವಳಿ ಮಿತಿಮೀರಿದರೆ ಆ ಒಂದು ಗಿಡವನ್ನು ಕಿತ್ತುಹಾಕಿರಿ, ಇಲ್ಲವೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಎಲೆಯಲ್ಲಿ ನಾಲ್ಕು ತೂತುಗಳಿದ್ದರೆ ಊಟಕ್ಕೆ ಕೊರತೆಯೇನೂ ಇಲ್ಲ. ತೂತಿಲ್ಲದ ಸೊಪ್ಪಿಗಿಂತ ವಿಷವಿಲ್ಲದ ಸೊಪ್ಪು ನಿಮ್ಮ ಕುಟುಂಬಕ್ಕೆ ಹಿತಕರ.