ಸಂಪಾದಕನ ಕರ್ತೃತ್ವ: ಅನಂತ ಪೈ ಮತ್ತು 'ಅಮರ ಚಿತ್ರ ಕಥಾ' ಮಾಲೆಯ ಒಂದು ಪರಿಶೀಲನೆ

ಪ್ರಸ್ತಾವನೆ

ಕನ್ನಡದಲ್ಲಿ ಮಕ್ಕಳ ಸಾಹಿತ್ಯವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪಂಜೆ ಮಂಗೇಶರಾಯರ ಶಿಶುಗೀತೆಗಳು, ಶಿವರಾಮ ಕಾರಂತರ 'ಬಾಲ ಪ್ರಪಂಚ', ರಾಜರತ್ನಂ ಅವರ ಪದ್ಯಗಳು ಎಂಬ ಕ್ರಮದಲ್ಲಿ ಸಾಗುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಓದಲು ಕಲಿತ ಮಕ್ಕಳ ಪೈಕಿ ಅನೇಕರು ರಾಮಾಯಣ, ಮಹಾಭಾರತಗಳನ್ನು ಮೊದಲು ಕಂಡದ್ದು ಬಣ್ಣದ ಚಿತ್ರಕಥೆಗಳಲ್ಲಿ. ಆದರೂ ಸಾಹಿತ್ಯ ಚರಿತ್ರೆಯಲ್ಲಿ ಈ ಪ್ರಕಾರಕ್ಕೆ ದೊರೆತಿರುವ ಸ್ಥಾನ ಅತ್ಯಲ್ಪ. ಚಿತ್ರಕಥೆಗೆ ಒಬ್ಬ ಕರ್ತೃವಿಲ್ಲ ಎಂಬುದು ಇದಕ್ಕೆ ಒಂದು ಕಾರಣವಾಗಿರಬಹುದು. ಕಥೆಯನ್ನು ಒಬ್ಬರು ಬರೆಯುತ್ತಾರೆ, ಚಿತ್ರವನ್ನು ಇನ್ನೊಬ್ಬರು ರಚಿಸುತ್ತಾರೆ, ಬೇರೊಂದು ಭಾಷೆಗೆ ಮತ್ತೊಬ್ಬರು ತರುತ್ತಾರೆ. ಇವರೆಲ್ಲರ ನಡುವೆ ನಿಂತು ಏನು ಉಳಿಯಬೇಕು, ಏನು ಹೋಗಬೇಕು ಎಂದು ತೀರ್ಮಾನಿಸುವವನು ಸಂಪಾದಕ.

ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಅನಂತ ಪೈ (1929-2011) ಅವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಇಂಥ ತೀರ್ಮಾನಗಳನ್ನು ಕೈಗೊಂಡ ಸಂಪಾದಕರು. ಅವರ ನಿಜವಾದ ಕೃತಿ ಯಾವುದೋ ಒಂದು ಕಥೆಯಲ್ಲ, ಆಯ್ಕೆಯ ಒಂದು ಕ್ರಮ. ಆ ಕ್ರಮ ಕನ್ನಡಕ್ಕೆ ಏನನ್ನು ಕೊಟ್ಟಿತು, ಏನನ್ನು ಕಳೆಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ರಸಾಯನಶಾಸ್ತ್ರದಿಂದ ಚಿತ್ರಕಥೆಗೆ

ಅನಂತ ಪೈ ಜನಿಸಿದ್ದು 1929ರ ಸೆಪ್ಟೆಂಬರ್ 17ರಂದು. ಆಗ ಕಾರ್ಕಳ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿದರು. ಅಲ್ಲಿನ ವಿಲ್ಸನ್ ಕಾಲೇಜಿನಲ್ಲಿ ಓದಿ, ರಾಸಾಯನಿಕ ತಂತ್ರಜ್ಞಾನದಲ್ಲಿಯೂ ಶಿಕ್ಷಣ ಪಡೆದರು. ಆದರೆ ಅವರ ಒಲವು ಇದ್ದದ್ದು ಪ್ರಕಟಣೆಯ ಕಡೆಗೆ. 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆಯನ್ನು ಹೊರತರಲು ಅವರು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಆ ಬಳಿಕ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗವನ್ನು ಸೇರಿದರು. 1964ರಲ್ಲಿ ಅದೇ ಸಂಸ್ಥೆ 'ಇಂದ್ರಜಾಲ್ ಕಾಮಿಕ್ಸ್' ಮಾಲೆಯನ್ನು ಆರಂಭಿಸಿದಾಗ ಪೈ ಅದರಲ್ಲಿ ತೊಡಗಿಕೊಂಡಿದ್ದರು.

ಅಮೆರಿಕದ 'ಫ್ಯಾಂಟಮ್' ಕಥೆಗಳನ್ನು ಭಾರತೀಯ ಓದುಗರಿಗೆ ನೀಡಿದ ಇಂದ್ರಜಾಲ್ ಮಾಲೆಯಲ್ಲಿ ಸಂಪಾದನೆಯ ಕೆಲಸ ಬರಿಯ ಮರುಮುದ್ರಣವಾಗಿರಲಿಲ್ಲ. ಮೂಲಕಥೆಯ 'ಬೆಂಗಾಲಿ' ಎಂಬ ನಾಡಿನ ಹೆಸರು ಬಂಗಾಳವನ್ನು ನೆನಪಿಸುತ್ತಿದ್ದುದರಿಂದ ಈ ಮಾಲೆಯಲ್ಲಿ ಅದು 'ಡೆಂಕಾಲಿ' ಆಯಿತು. ಹೆಸರಿನ ಒಂದು ಬದಲಾವಣೆಯಿಂದ ಕಥೆಯ ಭೂಗೋಳವೇ ಬೇರೆಯಾಯಿತು. ಓದುಗನ ನಾಡು, ನುಡಿ, ಸೂಕ್ಷ್ಮಗಳಿಗೆ ತಕ್ಕಂತೆ ಪಠ್ಯವನ್ನು ತಿದ್ದುವ ಈ ರೂಢಿಯೇ ಮುಂದೆ ಪುರಾಣ, ಇತಿಹಾಸಗಳ ಮರುಕಥನಕ್ಕೂ ಅನ್ವಯವಾಯಿತು ಎಂಬುದು ಗಮನಾರ್ಹ.

2. ಮಾಲೆಯ ಆರಂಭ: ಎರಡು ಕಥನಗಳು

'ಅಮರ ಚಿತ್ರ ಕಥಾ' ಹುಟ್ಟಿದ ಬಗೆಯನ್ನು ಕುರಿತು ಎರಡು ಕಥನಗಳು ಪ್ರಚಲಿತವಾಗಿವೆ. ಮೊದಲನೆಯದು ಪೈ ಅವರೇ ಮತ್ತೆ ಮತ್ತೆ ಹೇಳುತ್ತಿದ್ದುದು. 1967ರಲ್ಲಿ ದೆಹಲಿಯಲ್ಲಿ ಅವರು ದೂರದರ್ಶನದ ಒಂದು ರಸಪ್ರಶ್ನೆ ಕಾರ್ಯಕ್ರಮವನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಸುಲಭವಾಗಿ ಉತ್ತರಿಸಿದ ವಿದ್ಯಾರ್ಥಿಗಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರು. ಇದರಿಂದ ಕಳವಳಗೊಂಡ ಪೈ ಕೆಲಸವನ್ನು ಬಿಟ್ಟು, ಇಂಡಿಯಾ ಬುಕ್ ಹೌಸ್‌ನ ಜಿ. ಎಲ್. ಮೀರ್ಚಂದಾನಿಯವರ ನೆರವಿನಿಂದ ಮಾಲೆಯನ್ನು ಕಟ್ಟಿದರು.

ಎರಡನೆಯ ಕಥನ ಬೆಂಗಳೂರಿನದು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಕಾರ ಈ ಮಾಲೆ ಮೊದಲು ಹೊರಬಂದದ್ದು 1965ರಲ್ಲಿ, ಕನ್ನಡದಲ್ಲಿ. ಅದಕ್ಕೆ ದೊರೆತ ವಾಣಿಜ್ಯ ಯಶಸ್ಸೇ ಮುಂಬಯಿಯ ಪ್ರಧಾನ ಕಚೇರಿ ಇಂಗ್ಲಿಷ್ ಮಾಲೆಯ ಕಡೆಗೆ ಮನಸ್ಸು ಮಾಡಲು ಪ್ರೇರಣೆಯಾಯಿತು. ಈ ಮಾತಿಗೆ ಮಾಲೆಯ ಕ್ರಮಸಂಖ್ಯೆಯಲ್ಲಿಯೇ ಒಂದು ಕುರುಹು ಉಳಿದಿದೆ. ಮೊದಲ ಹತ್ತು ಸಂಖ್ಯೆಗಳು ಸಿಂಡರೆಲಾ, ಪಿನೋಕಿಯೊ, ಸ್ನೋ ವೈಟ್ ಮೊದಲಾದ ಪಾಶ್ಚಾತ್ಯ ಕಥೆಗಳಿಗೆ ಸಲ್ಲುತ್ತವೆ. ಪೈ ಬರೆದು, ರಾಮ್ ವಾಯೀರ್ಕರ್ ಚಿತ್ರಿಸಿದ 'ಕೃಷ್ಣ' ಹನ್ನೊಂದನೆಯದು. ಭಾರತೀಯ ಕಥೆಗಳ ಮಾಲೆಯೆಂದು ಹೆಸರಾದುದರ ಎಣಿಕೆ ಹನ್ನೊಂದರಿಂದ ತೊಡಗುವುದು ಆಕಸ್ಮಿಕವಲ್ಲ.

ಈ ಎರಡು ಕಥನಗಳಲ್ಲಿ ಒಂದು ನಿಜ, ಇನ್ನೊಂದು ಸುಳ್ಳು ಎನ್ನಬೇಕಾಗಿಲ್ಲ. ಬೆಂಗಳೂರಿನ ಪ್ರಯತ್ನ ಮಾರುಕಟ್ಟೆಯ ಸಾಧ್ಯತೆಯನ್ನು ತೋರಿಸಿತು. ಪೈ ಅದಕ್ಕೆ ವಸ್ತುವನ್ನೂ ಉದ್ದೇಶವನ್ನೂ ಕೊಟ್ಟರು. ಆದರೆ ನೆನಪಿನಲ್ಲಿ ಉಳಿದದ್ದು ಮೊದಲನೆಯ ಕಥನ ಮಾತ್ರ. ಅದಕ್ಕೆ ಸ್ಪಷ್ಟವಾದ ನಾಯಕನಿದ್ದಾನೆ, ಒಂದು ನಾಟಕೀಯ ಸನ್ನಿವೇಶವಿದೆ, ಕೊನೆಯಲ್ಲಿ ಒಂದು ನೀತಿಯಿದೆ. ಹಲವು ಎಳೆಗಳಿರುವ ಚರಿತ್ರೆಯಿಂದ ಒಂದೇ ಎಳೆಯನ್ನು ಎತ್ತಿಕೊಳ್ಳುವ ಚಿತ್ರಕಥೆಯ ವಿಧಾನ ಮಾಲೆಯ ಸ್ವಂತ ಚರಿತ್ರೆಗೂ ಅನ್ವಯಿಸಿತು.

3. ಮೂವತ್ತೆರಡು ಪುಟಗಳ ನಿಯಮ

ಮಾಲೆಯ ಸಾಮಾನ್ಯ ಸಂಚಿಕೆಯ ವ್ಯಾಪ್ತಿ ಮೂವತ್ತೆರಡು ಪುಟ. ಈ ಮಿತಿಯೇ ಸಂಪಾದಕನ ಅಧಿಕಾರದ ಮೂಲ. ಒಬ್ಬ ಸಂತನ ಬದುಕು, ಒಂದು ರಾಜವಂಶದ ಏಳುಬೀಳು, ಒಂದು ಪುರಾಣದ ಉಪಾಖ್ಯಾನ, ಯಾವುದಾದರೂ ಸರಿ, ಅಷ್ಟರೊಳಗೆ ಮುಗಿಯಬೇಕು. ಚೌಕಟ್ಟಿನ ಮೇಲಂಚಿನ ನಿರೂಪಣೆ ಕಾಲವನ್ನು ಮುಂದಕ್ಕೆ ತಳ್ಳುತ್ತದೆ; ಗುಳ್ಳೆಯೊಳಗಿನ ಮಾತು ಸನ್ನಿವೇಶವನ್ನು ಹಿಡಿದು ನಿಲ್ಲಿಸುತ್ತದೆ. ಇವೆರಡರ ಹದ ತಪ್ಪಿದರೆ ಕಥೆ ಪಠ್ಯಪುಸ್ತಕವಾಗುತ್ತದೆ ಅಥವಾ ಬರಿಯ ಹೊಡೆದಾಟವಾಗುತ್ತದೆ. ಈ ಹದವನ್ನು ನೂರಾರು ಸಂಚಿಕೆಗಳುದ್ದಕ್ಕೂ ಕಾಪಾಡಿಕೊಂಡದ್ದು ಪೈ ಅವರ ಸಂಪಾದಕೀಯ ಶಿಸ್ತಿಗೆ ನಿದರ್ಶನ.

ಇದು ಒಬ್ಬರ ಸಾಧನೆಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮೊದಲಾದವರು ಬರವಣಿಗೆ ಮತ್ತು ಸಂಪಾದನೆಯಲ್ಲಿ, ರಾಮ್ ವಾಯೀರ್ಕರ್, ಪ್ರತಾಪ್ ಮುಳೀಕ್, ದಿಲೀಪ್ ಕದಮ್, ಯೂಸುಫ್ ಲೀನ್ ಮೊದಲಾದವರು ಚಿತ್ರರಚನೆಯಲ್ಲಿ ಮಾಲೆಯ ರೂಪವನ್ನು ನಿರ್ಣಯಿಸಿದರು. 1980ರ ದಶಕದಲ್ಲಿ ಮಹಾಭಾರತವನ್ನು ನಲವತ್ತೆರಡು ಸಂಚಿಕೆಗಳಲ್ಲಿ ಕ್ರಮವಾಗಿ ಹೊರತಂದದ್ದು ಈ ತಂಡದ ಅತಿದೊಡ್ಡ ಯೋಜನೆ. ಹಾಗಿದ್ದರೂ ಓದುಗರ ಬಾಯಲ್ಲಿ ನಿಂತದ್ದು 'ಅಂಕಲ್ ಪೈ' ಎಂಬ ಒಂದೇ ಹೆಸರು.

ಚಿತ್ರಕಥೆಯೆಂದರೆ ಓದಿನ ಅಭ್ಯಾಸವನ್ನು ಕೆಡಿಸುವ ವಸ್ತು ಎಂದು ಶಾಲೆಗಳು ಭಾವಿಸಿದ್ದ ಕಾಲವದು. ಈ ಭಾವನೆಯನ್ನು ಎದುರಿಸಲು ಪೈ 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವನ್ನು ಕುರಿತ ವಿಚಾರಸಂಕಿರಣ ನಡೆಯುವಂತೆ ನೋಡಿಕೊಂಡರು. ಶಾಲೆಯ ಒಪ್ಪಿಗೆ ಮಾಲೆಗೆ ಗ್ರಂಥಾಲಯದ ಬಾಗಿಲನ್ನು ತೆರೆಯಿತು. ಅದರೊಂದಿಗೆ ಒಂದು ಹೊಣೆಯೂ ಬಂದಿತು. ಮಕ್ಕಳ ಮನರಂಜನೆಗೆ ಬರೆದ ಕಥೆಯನ್ನು ಇನ್ನು ಮುಂದೆ ಇತಿಹಾಸವೆಂದು ಓದಲಾಗುತ್ತಿತ್ತು.

4. ಒಂದೇ ಪಾಠದ ಸಮಸ್ಯೆ

ಮಾಲೆಯನ್ನು ಕುರಿತ ಗಂಭೀರ ವಿಮರ್ಶೆ ಹುಟ್ಟಿದ್ದು ಈ ಹಂತದಲ್ಲಿ. ಭಕ್ತಸಂತರ ಬಂಡಾಯದ ಗುಣವನ್ನು ಗೃಹಸ್ಥ ಧರ್ಮ ಮತ್ತು ರಾಷ್ಟ್ರೀಯ ಏಕತೆಯ ಚೌಕಟ್ಟಿನೊಳಗೆ ಪಳಗಿಸಲಾಗಿದೆ ಎಂದು ಜಾನ್ ಸ್ಟ್ರಾಟನ್ ಹಾಲೆ 1995ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಾದಿಸಿದರು. ನಂದಿನಿ ಚಂದ್ರ (2008) ಮತ್ತು ಕಾರ್ಲೈನ್ ಮೆಕ್ಲೇನ್ (2009) ಅವರ ಗ್ರಂಥಗಳು ಮಾಲೆಯಲ್ಲಿ ಜಾತಿ, ಲಿಂಗ, ಧರ್ಮಗಳ ನಿರೂಪಣೆಯನ್ನು ವಿಸ್ತಾರವಾಗಿ ಪರಿಶೀಲಿಸಿದವು. ನಾಯಕರಿಗೆ ತಿಳಿಬಣ್ಣ, ರಾಕ್ಷಸರಿಗೆ ಕಪ್ಪುಬಣ್ಣ ಬಳಿಯುವ ರೂಢಿ ಹಲವರ ಟೀಕೆಗೆ ಗುರಿಯಾಯಿತು. ವಾಲ್ಮೀಕಿಯನ್ನು ದರೋಡೆಕೋರನಾಗಿದ್ದವನೆಂದು ತೋರಿಸಿದ ಸಂಚಿಕೆಗೆ ಪಂಜಾಬಿನ ವಾಲ್ಮೀಕಿ ಸಮುದಾಯದಿಂದ ಪ್ರತಿಭಟನೆ ವ್ಯಕ್ತವಾಯಿತು. ಇನ್ನೊಂದು ಕಡೆ ಅಕ್ಬರ್, ಚಾಂದ್ ಬೀಬಿಯರಂಥವರೂ ಈ ಮಾಲೆಯಲ್ಲಿದ್ದಾರೆ. 1979ರಲ್ಲಿ ಅಂಬೇಡ್ಕರ್ ಅವರ ಜೀವನವನ್ನು ಕುರಿತ ಸಂಚಿಕೆ ಬಂದಿತು. ಆದ್ದರಿಂದ ಸಮಸ್ಯೆಯನ್ನು ಯಾರು ಬಂದರು, ಯಾರು ಬರಲಿಲ್ಲ ಎಂಬ ಪಟ್ಟಿಗಷ್ಟೇ ಸೀಮಿತಗೊಳಿಸಲಾಗದು. ಬಂದವರ ಕಥೆಯನ್ನು ಯಾವ ಪಾಠದಲ್ಲಿ ಹೇಳಲಾಯಿತು ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ.

ಕನ್ನಡ ಪರಂಪರೆಯ ಓದುಗನಿಗೆ ಈ ಪ್ರಶ್ನೆ ವಿಶೇಷವಾಗಿ ಎದುರಾಗುತ್ತದೆ. ಪಂಪಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕುಮಾರವ್ಯಾಸನ ಕೃತಿಯಾದರೋ ಕೃಷ್ಣಕಥೆಯೇ ಆಗಿ ಹರಿಯುತ್ತದೆ. ಒಂದೇ ಕಥೆಯನ್ನು ಹಲವು ಬಗೆಯಲ್ಲಿ ಹೇಳುವುದು ಇಲ್ಲಿ ದೋಷವಲ್ಲ, ಕವಿಯ ಹಕ್ಕು. ಕರಾವಳಿಯ ಯಕ್ಷಗಾನದ ತಾಳಮದ್ದಳೆಯಲ್ಲಿ ಅದೇ ಪ್ರಸಂಗದ ಅದೇ ಪಾತ್ರ ಅರ್ಥಧಾರಿ ಬದಲಾದಂತೆ ಬೇರೆಯದೇ ವಾದವನ್ನು ಹೂಡುತ್ತದೆ. ಇಂಥ ಕರಾವಳಿಯಲ್ಲಿ ಹುಟ್ಟಿದ ಸಂಪಾದಕರ ಮಾಲೆ ದೇಶಕ್ಕೆಲ್ಲ ಒಂದೇ ಪಾಠವನ್ನು ಹಂಚಿತು ಎಂಬುದು ವಿಚಾರಾರ್ಹ ವೈರುಧ್ಯ. ಸಂಚಿಕೆಯ ಆರಂಭದ ಕಿರು ಪೀಠಿಕೆ ಕೆಲವೊಮ್ಮೆ ಆಕರವನ್ನು ಸೂಚಿಸುತ್ತದೆ ನಿಜ. ಆದರೆ ಮಗುವಿನ ಕಣ್ಣು ನೇರವಾಗಿ ಹೋಗುವುದು ಚಿತ್ರಕ್ಕೆ. ಚಿತ್ರ ಒಮ್ಮೆ ಮನಸ್ಸಿನಲ್ಲಿ ಅಚ್ಚೊತ್ತಿದರೆ ಇತರ ಪಾಠಗಳು ತಪ್ಪು ಪಾಠಗಳಂತೆ ತೋರತೊಡಗುತ್ತವೆ.

ಭಾಷೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಕನ್ನಡದಲ್ಲಿ ಮೊದಲಾದ ಮಾಲೆಯಲ್ಲಿ ಕ್ರಮೇಣ ಇಂಗ್ಲಿಷ್ ಮೂಲಪಠ್ಯವಾಯಿತು, ಕನ್ನಡ ಅನುವಾದವಾಯಿತು. ಚಿತ್ರಗಳು ಎಲ್ಲ ಭಾಷೆಗಳಿಗೂ ಒಂದೇ. ಬದಲಾಗುವುದು ಅಕ್ಷರ ಮಾತ್ರ. ಇಂಗ್ಲಿಷಿನ ಮಾತಿಗೆಂದು ಬಿಡಿಸಿದ ಗುಳ್ಳೆಯೊಳಗೆ ಕನ್ನಡದ ವಾಕ್ಯ ಹೊಂದಿಕೊಳ್ಳಬೇಕು. ಹೀಗಾಗಿ 'ಬಸವೇಶ್ವರ', 'ಕೃಷ್ಣದೇವರಾಯ', 'ರಾಣಿ ಅಬ್ಬಕ್ಕ' ಮುಂತಾದ ಈ ನಾಡಿನ ಕಥೆಗಳೂ ಇಂಗ್ಲಿಷನ್ನು ಹಾದು ಕನ್ನಡಕ್ಕೆ ಮರಳುವ ಸನ್ನಿವೇಶ ಉಂಟಾಯಿತು. ವಚನವೊಂದು ಇಂಗ್ಲಿಷಿಗೆ ಹೋಗಿ, ಗುಳ್ಳೆಯ ಅಳತೆಗೆ ತಗ್ಗಿ ಮರಳುವಾಗ ಏನಾಗುತ್ತದೆ ಎಂಬುದು ಅನುವಾದ ಅಧ್ಯಯನಕ್ಕೆ ಒಳ್ಳೆಯ ವಸ್ತು.

5. 'ಟಿಂಕಲ್': ಇನ್ನೊಂದು ದಾರಿ

ಪೈ ಅವರ ವೃತ್ತಿಜೀವನವನ್ನು ಇಷ್ಟಕ್ಕೇ ನಿಲ್ಲಿಸಿ ಅಳೆಯುವುದು ನ್ಯಾಯವಲ್ಲ. 1969ರಲ್ಲಿ ಅವರು ಪತ್ರಿಕೆಗಳಿಗೆ ಚಿತ್ರಕಥೆಗಳನ್ನು ಒದಗಿಸಲು 'ರಂಗ್ ರೇಖಾ ಫೀಚರ್ಸ್' ಸಂಸ್ಥೆಯನ್ನು ಸ್ಥಾಪಿಸಿದ್ದರು. ಬಾಲವನ್ನು ಬೇಕಾದಷ್ಟು ಉದ್ದಕ್ಕೆ ಬೆಳೆಸಬಲ್ಲ ಕೋತಿ 'ಕಪೀಶ್' ಇಂಥ ಕಥೆಗಳಲ್ಲಿ ಜನಪ್ರಿಯವಾದ ಪಾತ್ರ. 1980ರಲ್ಲಿ ಆರಂಭವಾದ 'ಟಿಂಕಲ್' ಮಕ್ಕಳ ಪತ್ರಿಕೆ ಈ ದಾರಿಯನ್ನು ಇನ್ನಷ್ಟು ಅಗಲಗೊಳಿಸಿತು.

'ಅಮರ ಚಿತ್ರ ಕಥಾ'ದ ಆಕರ ಬಹುಮಟ್ಟಿಗೆ ಗ್ರಂಥಸ್ಥ ಪರಂಪರೆ. 'ಟಿಂಕಲ್' ತನ್ನ ಓದುಗರನ್ನೇ ಆಕರವಾಗಿಸಿಕೊಂಡಿತು. ತಮ್ಮ ಮನೆಯಲ್ಲಿ, ಊರಿನಲ್ಲಿ ಕೇಳಿದ ಜನಪದ ಕಥೆಗಳನ್ನು ಕಳುಹಿಸುವಂತೆ ಪತ್ರಿಕೆ ಕೇಳಿತು; ಆಯ್ಕೆಯಾದವು ಚಿತ್ರರೂಪದಲ್ಲಿ ಪ್ರಕಟವಾದವು. ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿ ಎಡವಟ್ಟು ಮಾಡುವ ಸುಪ್ಪಾಂಡಿ ಹೀಗೆ ತಮಿಳು ಜನಪದ ಮೂಲದಿಂದ ಬಂದು 1983ರಿಂದ ಪತ್ರಿಕೆಯ ಪ್ರಮುಖ ಪಾತ್ರವಾದ. ಇಲ್ಲಿ ಮಗು ಕೇಳುವವನಷ್ಟೇ ಅಲ್ಲ, ಹೇಳುವವನೂ ಹೌದು. ಅಜ್ಜಿಯ ಬಾಯಿಯ ಕಥೆ ಅಂಚೆಯ ಮೂಲಕ ಸಂಪಾದಕನ ಮೇಜನ್ನು ತಲುಪುವ ಈ ವ್ಯವಸ್ಥೆಯಲ್ಲಿ ಒಂದೇ ಪಾಠದ ಹಿಡಿತ ಸಡಿಲವಾಯಿತು. ಪೈ ಅವರ ಎರಡು ಪ್ರಕಟಣೆಗಳನ್ನು ಜೊತೆಯಲ್ಲಿಟ್ಟು ಓದಿದಾಗ ಕಥೆಯನ್ನು ಹಿಡಿದಿಡುವ ಸಂಪಾದಕನೂ ಕಥೆಗೆ ಬಾಗಿಲು ತೆರೆಯುವ ಸಂಪಾದಕನೂ ಒಬ್ಬರೇ ಎಂಬುದು ಕಾಣುತ್ತದೆ.

ಸಮಾರೋಪ

ನಾನೂರಕ್ಕೂ ಹೆಚ್ಚು ಸಂಚಿಕೆಗಳನ್ನು ಹೊರತಂದ ಬಳಿಕ 1991ರಲ್ಲಿ ಮಾಲೆಯ ನಿಯತ ಹೊಸ ಪ್ರಕಟಣೆ ನಿಂತಿತು, ಮರುಮುದ್ರಣಗಳು ಮುಂದುವರಿದವು. 2007ರಲ್ಲಿ ಮಾಲೆ ಹೊಸ ಒಡೆತನಕ್ಕೆ ಬಂದಿತು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ ಕಾನ್ ಸಮಾವೇಶ ಪೈ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು ಅವರು ಮುಂಬಯಿಯಲ್ಲಿ ನಿಧನರಾದರು.

ಒಟ್ಟಾರೆಯಾಗಿ, ಅನಂತ ಪೈ ಅವರನ್ನು ಮಕ್ಕಳಿಗೆ ಪರಂಪರೆಯನ್ನು ಮರಳಿಸಿದವರೆಂದು ಹೊಗಳುವುದು ಅಥವಾ ಪರಂಪರೆಯನ್ನು ಏಕರೂಪಗೊಳಿಸಿದವರೆಂದು ತಳ್ಳಿಹಾಕುವುದು, ಎರಡೂ ಅಪೂರ್ಣ ನಿಲುವುಗಳು. ರಾಮನ ತಾಯಿಯ ಹೆಸರು ತಿಳಿಯದ ಮಕ್ಕಳಿಗೆ ಅವರು ಕಥೆಯನ್ನು ಕೊಟ್ಟರು. ಆ ಕಥೆಗೆ ಬೇರೆ ಪಾಠಗಳೂ ಉಂಟು ಎಂದು ಹೇಳುವ ಕೆಲಸವನ್ನು ಮೂವತ್ತೆರಡು ಪುಟಗಳಿಂದ ನಿರೀಕ್ಷಿಸುವಂತಿಲ್ಲ. ಅದು ಸಾಹಿತ್ಯದ ತರಗತಿಯ ಕೆಲಸ. ಪಂಪ, ನಾಗಚಂದ್ರರನ್ನು ಓದಲು ಬರುವ ವಿದ್ಯಾರ್ಥಿಯ ಮನಸ್ಸು ಖಾಲಿ ಹಾಳೆಯಲ್ಲ. ಅಲ್ಲಿ ಬಣ್ಣದ ಚಿತ್ರಗಳು ಆಗಲೇ ನೆಲೆಯೂರಿರಬಹುದು. ಅವನ್ನು ಅಳಿಸುವ ಬದಲು ಕಾವ್ಯದ ಪಕ್ಕದಲ್ಲಿಟ್ಟು ಹೋಲಿಸಿದರೆ ಪಾಠಾಂತರವೆಂಬ ಪರಿಕಲ್ಪನೆ ವಿದ್ಯಾರ್ಥಿಗೆ ತನ್ನ ಬಾಲ್ಯದ ಓದಿನಿಂದಲೇ ಮನದಟ್ಟಾಗುತ್ತದೆ. ಅದಕ್ಕಾಗಿ ಈ ಮಾಲೆಯ ಕನ್ನಡ ಸಂಚಿಕೆಗಳನ್ನು, ಮುಖ್ಯವಾಗಿ ಮೊದಲ ಹತ್ತನ್ನು, ವಿಶ್ವವಿದ್ಯಾಲಯದ ಗ್ರಂಥಾಲಯಗಳು ಸಂಗ್ರಹಿಸಿ ಕಾಪಾಡುವುದು ಆಗಬೇಕಾದ ಮೊದಲ ಕೆಲಸ.