ನಾಲ್ಕು ಊರಿನ ಕೊಳಚೆ, ಲೀಟರಿನ ಲೆಕ್ಕ

2011ರ ಜನಗಣತಿಯಂತೆ ರಾಮನಗರದಲ್ಲಿ 95 ಸಾವಿರ, ಚನ್ನಪಟ್ಟಣದಲ್ಲಿ 72 ಸಾವಿರ, ಕನಕಪುರದಲ್ಲಿ 54 ಸಾವಿರ, ಮಾಗಡಿಯಲ್ಲಿ 27 ಸಾವಿರಕ್ಕೂ ಹೆಚ್ಚು ಜನ. ಒಟ್ಟು ಸುಮಾರು 2.49 ಲಕ್ಷ. ಆಮೇಲೆ ಜಿಲ್ಲೆಯ ಹೆಸರೇ ಬದಲಾಗಿ ಬೆಂಗಳೂರು ದಕ್ಷಿಣವಾಯಿತು, ಜನ ಬೆಳೆದಿದ್ದಾರೆ. ಆದರೂ ತಲೆ ಎಣಿಸಿದ ಲೆಕ್ಕ ಅದೊಂದೇ, ಅಲ್ಲಿಂದಲೇ ಶುರುಮಾಡೋಣ.

ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಕೇಂದ್ರದ ಮಾನದಂಡ. ಅದರಲ್ಲಿ ಶೇ 80 ಬಚ್ಚಲು, ಶೌಚಾಲಯ, ಅಡುಗೆಮನೆಯಿಂದ ಹೊರಬೀಳುತ್ತದೆಂದು ಎಂಜಿನಿಯರುಗಳು ಹಿಡಿಯುತ್ತಾರೆ. ಹಾಗಾದರೆ ನಾಲ್ಕೂ ಊರಿನ ಕೊಳಚೆ ದಿನಕ್ಕೆ 2.69 ಕೋಟಿ ಲೀಟರ್: ರಾಮನಗರದ್ದು 1.03 ಕೋಟಿ, ಚನ್ನಪಟ್ಟಣದ್ದು 78 ಲಕ್ಷ, ಕನಕಪುರದ್ದು 58 ಲಕ್ಷ, ಮಾಗಡಿಯದು 30 ಲಕ್ಷ. ಕಾಗದದ ಮೇಲೆ ಮಾತ್ರ. ಎಲ್ಲ ಮನೆಗೂ 135 ಲೀಟರ್ ಬರಬೇಕು, ಎಲ್ಲ ಮನೆಯ ಕೊಳವೆಯೂ ಒಳಚರಂಡಿಗೆ ಸೇರಬೇಕು. ಅರ್ಧ ಕೈಗೆ ಸಿಕ್ಕಿತೆಂದು ಇಟ್ಟುಕೊಂಡರೆ 1.35 ಕೋಟಿ ಲೀಟರ್.

ಇದನ್ನು ಕುಡಿಯುವ ಮಟ್ಟಕ್ಕೆ ತರಲು ಎಷ್ಟು ಖರ್ಚು? ಕರ್ನಾಟಕದಲ್ಲಿ ಅಳತೆಗೆ ಸಿಗುವ ದೊಡ್ಡ ಯೋಜನೆ ಕೋರಮಂಗಲ–ಚಲ್ಲಘಟ್ಟ ಕಣಿವೆಯದು. ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲು ಸುಮಾರು 1,342 ಕೋಟಿ ರೂಪಾಯಿ, ಅಂದರೆ ಪ್ರತಿ 10 ಲಕ್ಷ ಲೀಟರಿಗೆ 3 ಕೋಟಿ. ಅದು ಬಹುಪಾಲು ಪಂಪು, ಪೈಪುಗಳ ಲೆಕ್ಕ. ಆ ನೀರು ಕುಡಿಯಲು ತಕ್ಕದ್ದಲ್ಲ. ಕುಡಿಯುವ ಮಟ್ಟದ ಘಟಕಕ್ಕೆ 10 ಲಕ್ಷ ಲೀಟರಿಗೆ 5 ಕೋಟಿ ಎಂದು ನಾನು ಹಿಡಿಯುತ್ತೇನೆ. ದಿನಕ್ಕೆ 1 ಕೋಟಿ ಲೀಟರ್ ಕೊಡುವ ಘಟಕಕ್ಕೆ 50 ಕೋಟಿ. ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಹಂಚಿದರೆ ಸಾವಿರ ಲೀಟರಿಗೆ 14 ರೂಪಾಯಿ. 2 ಯೂನಿಟ್ ವಿದ್ಯುತ್ತಿಗೆ ಇನ್ನೊಂದು 14. ಪೊರೆ, ರಾಸಾಯನಿಕ, ಪ್ರಯೋಗಾಲಯ, ಸಂಬಳಕ್ಕೆ 15. ಎಲ್ಲ ಸೇರಿ 43.

ಶುದ್ಧ ನೀರಿನ ಘಟಕದಲ್ಲಿ 20 ಲೀಟರಿನ ಕ್ಯಾನಿಗೆ 5 ರೂಪಾಯಿ ಹಾಕುವವರು ಈಗಾಗಲೇ ಸಾವಿರ ಲೀಟರಿಗೆ 250 ಕೊಡುತ್ತಿದ್ದಾರೆ. 2024ರ ಬರದಲ್ಲಿ ಬೆಂಗಳೂರಿನ ಟ್ಯಾಂಕರಿಗೆ ಸರ್ಕಾರ ನಿಗದಿ ಮಾಡಿದ್ದು 6,000 ಲೀಟರಿಗೆ 600, ಸಾವಿರಕ್ಕೆ 100. ನನ್ನ ಅಂದಾಜು ದುಪ್ಪಟ್ಟು ತಪ್ಪಿದರೂ ಟ್ಯಾಂಕರಿಗಿಂತ ಅಗ್ಗ. ಆದರೆ ತಿಂಗಳ ಬಿಲ್ಲು ಬೇರೆ ಮಾತಾಡುತ್ತದೆ. ನಾಲ್ಕು ಜನರ ಮನೆ ತಲೆಗೆ 10 ಲೀಟರ್ ಕ್ಯಾನ್ ನೀರು ತಂದರೆ ತಿಂಗಳಿಗೆ 300 ರೂಪಾಯಿ. ಅದೇ ಮನೆಗೆ ತಲಾ 135 ಲೀಟರೂ ಹೊಸ ಘಟಕದಿಂದಲೇ ಬಂದರೆ 697. ಮೂರನೇ ಒಂದು ಪಾಲು ಮಾತ್ರ ಬೇರೆ ಮೂಲದ ನೀರಿಗೆ ಬೆರೆಸಿದರೆ 232. ಹಾಗಾಗಿ ಬೆರಕೆಯೇ ಸರಿಯಾದ ದಾರಿ.

ಕೊಳಚೆಯ ಮರುಬಳಕೆಗೆ ಸಿಂಗಪುರದ ಉದಾಹರಣೆ ಕೊಡುವವರು ಒಂದನ್ನು ಮರೆಯುತ್ತಾರೆ: ಅದರ ಸುತ್ತ ಸಮುದ್ರವಿದೆ. ಆರ್‌ಒದಲ್ಲಿ ನೂರಕ್ಕೆ 80 ಲೀಟರ್ ಸಿಹಿನೀರಾದರೆ 20 ಲೀಟರ್ ಉಪ್ಪುನೀರಾಗಿ ಉಳಿಯುತ್ತದೆ. ನಮ್ಮ 1.35 ಕೋಟಿಯಲ್ಲಿ ಅದು ದಿನಕ್ಕೆ 27 ಲಕ್ಷ ಲೀಟರ್. ಬಂದ ನೀರಿನ ಟಿಡಿಎಸ್ (ಕರಗಿದ ಲವಣದ ಅಳತೆ) 800 ಇದ್ದರೆ ಈ ಉಪ್ಪುನೀರಿನದು 4,000ದ ಹತ್ತಿರ. ಅರ್ಕಾವತಿ ನದಿಗೆ ಬಿಡುವ ಹಾಗಿಲ್ಲ. ಕೊಳ ಕಟ್ಟಿ ಒಣಗಿಸಬೇಕೆಂದರೆ, ಮಳೆ ಕಳೆದು ದಿನಕ್ಕೆ 3 ಮಿಲಿಮೀಟರ್ ಆವಿಯಾಗುವ ಲೆಕ್ಕದಲ್ಲಿ, 222 ಎಕರೆ ಬೇಕು. ಬಿಡದಿ ಸುತ್ತ ಎಕರೆಗೆಷ್ಟು ಎಂದು ಬಲ್ಲವರು ಗುಣಿಸಿಕೊಳ್ಳಲಿ. ನನ್ನ 50 ಕೋಟಿ ಅಲ್ಲಿಗೇ ಮುಗಿಯುತ್ತದೆ.

ನೋಡಬೇಕಾದ್ದು ನಮೀಬಿಯಾದ ವಿಂಡ್‌ಹುಕ್. ಸಮುದ್ರದಿಂದ ದೂರದ ಒಣ ಊರು. 1968ರಿಂದ ಕೊಳಚೆಯನ್ನು ಶುದ್ಧಗೊಳಿಸಿ ಕುಡಿಯುತ್ತಿದೆ. 2002ರ ಘಟಕದ ಸಾಮರ್ಥ್ಯ ದಿನಕ್ಕೆ 2.1 ಕೋಟಿ ಲೀಟರ್, ನಮ್ಮ ನಾಲ್ಕು ಊರಿನ ಅಳತೆಯದೇ. ಅಲ್ಲಿ ಆರ್‌ಒ ಇಲ್ಲ. ಓಝೋನ್, ಸಕ್ರಿಯ ಇಂಗಾಲ, ಅತಿಸೂಕ್ಷ್ಮ ಪೊರೆಗಳ ಮೂಲಕ ಹಾಯಿಸಿ ಬೇರೆ ಮೂಲದ ನೀರಿಗೆ ಬೆರೆಸುತ್ತಾರೆ. ಲವಣ ಕಡಿಮೆಯಾಗುವುದು ಆ ಬೆರಕೆಯಿಂದಲೇ. ಕಾರ್ಖಾನೆಯ ನೀರನ್ನು ಮಾತ್ರ ಬೇರೆ ಸಾಲಿನಲ್ಲಿ ಕಳಿಸುತ್ತಾರೆ.

ರಾಮನಗರದಲ್ಲಿ ಕಷ್ಟ ಇರುವುದು ಈ ಕೊನೆಯ ಷರತ್ತಿನಲ್ಲಿ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದ ನೀರು ಮನೆ ಕೊಳಚೆಗಿಂತ ಎಷ್ಟೋ ಗಾಢ. ರೀಲರ್‌ಗಳ ಬೀದಿಗೆ ಬೇರೆ ಕೊಳವೆ ಹಾಕದೆ ಘಟಕ ಕಟ್ಟಿದರೆ ಪೊರೆಗಳು ಬೇಗ ಕಟ್ಟಿಕೊಳ್ಳುತ್ತವೆ. ಕನಕಪುರದ್ದು ಇನ್ನೊಂದು ಪಾಡು: ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ಕೆರೆ ದಾಟಿ ಅದೇ ತಾಲ್ಲೂಕಿನಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಮರುಬಳಕೆ ಅಲ್ಲಿ ಯಾವ ಯೋಜನಾ ವರದಿಯೂ ಇಲ್ಲದೆ ನಡೆದೇ ಇದೆ.

ಹೆದ್ದಾರಿಯ ಮೇಲೆ ಹತ್ತಿರವೇ ಇರುವ ರಾಮನಗರ, ಚನ್ನಪಟ್ಟಣ ಸೇರಿ ಒಂದು ಘಟಕ ಕಟ್ಟಬಹುದು. ಎರಡರ ಕೊಳಚೆ 1.8 ಕೋಟಿ ಲೀಟರ್. ಮಾಗಡಿಯ 30 ಲಕ್ಷಕ್ಕೆ ಪ್ರತ್ಯೇಕ ಘಟಕ ಗಿಟ್ಟುವುದಿಲ್ಲ, ಏಕೆಂದರೆ ನೀರು ಕಡಿಮೆಯೆಂದು ಪ್ರಯೋಗಾಲಯದ ಖರ್ಚು ಕಡಿಮೆಯಾಗದು. ಅದಕ್ಕೆ ದೇವನಹಳ್ಳಿಯ ಕ್ರಮ ಹೊಂದೀತು. ಅಲ್ಲಿ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರು ಸಿಹಿನೀರು ಕೆರೆ ತುಂಬುತ್ತದೆ. ದಡದ ಬಾವಿಗಳಿಗೆ ಇಂಗಿದ್ದನ್ನು ಮತ್ತೆ ಶೋಧಿಸಿ ಊರಿಗೆ ಕೊಡುತ್ತಾರೆ. ಮಾಗಡಿ ಪುರಸಭೆ ಮೊದಲು ಆರಿಸಿಕೊಳ್ಳಬೇಕಾದದ್ದು ಘಟಕವನ್ನಲ್ಲ, ಕೆರೆಯನ್ನು.