ಹಳೆಯ ಮೋಟಾರ್ ಸೈಕಲ್ಲಿಗೆ ಎಂಥ ಪೆಟ್ರೋಲ್ ಫಿಲ್ಟರ್ ಬೇಕು?

ಬೆಳಗಾದರೆ ನಮ್ಮ ಮನೆಗಳಲ್ಲಿ ಕಾಫಿ ಫಿಲ್ಟರಿನ ದರ್ಶನವಾಗುತ್ತದೆ. ಪುಡಿ ತೀರ ನುಣ್ಣಗಿದ್ದ ದಿನ ಡಿಕಾಕ್ಷನ್ ಇಳಿಯುವುದೇ ಇಲ್ಲ. ಮೇಲಿನ ನೀರು ಆರಿ ತಣ್ಣಗಾದರೂ ಕೆಳಗೆ ನಾಲ್ಕೇ ಹನಿ. ಅಲ್ಲಿ ನೀರನ್ನು ಕೆಳಕ್ಕೆ ಒತ್ತುವುದು ಅದರದೇ ತೂಕವಲ್ಲದೆ ಬೇರೇನೂ ಅಲ್ಲ. ಹಳೆಯ ಮೋಟಾರ್ ಸೈಕಲ್ಲಿನ ಪೆಟ್ರೋಲಿನ ವ್ಯವಹಾರವೂ ಹೀಗೆಯೆ.

ಕಾರಿನಲ್ಲಿ ಪೆಟ್ರೋಲನ್ನು ದೂಡುವುದಕ್ಕೆ ಪಂಪು ಉಂಟು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಾಗಲಿ, ಕಾರ್ಬುರೇಟರಿನ ಕಾಲದ ಬುಲೆಟ್ಟಿನಲ್ಲಾಗಲಿ ಅಂಥ ಪಂಪಿಲ್ಲ. ಟ್ಯಾಂಕು ಮೇಲೆ, ಕಾರ್ಬುರೇಟರು ಕೆಳಗೆ. ಆ ಗೇಣುದ್ದದ ಎತ್ತರದಿಂದ ಪೆಟ್ರೋಲು ತಾನಾಗಿ ಇಳಿದು ಬರಬೇಕು. ಫಿಲ್ಟರನ್ನು ಆರಿಸುವಾಗ ಮರೆಯಬಾರದ ಸಂಗತಿ ಇದು.

ಇದನ್ನು ಮರೆತುದರ ಫಲವನ್ನು ನನ್ನ ಸ್ನೇಹಿತರೊಬ್ಬರು ಉಂಡಿದ್ದಾರೆ. ಅವರ ಯೆಜ್ಡಿಯ ಟ್ಯಾಂಕಿನಲ್ಲಿ ತುಕ್ಕು ಕಾಣಿಸಿತೆಂದು ಗ್ಯಾರೇಜಿನವನೊಬ್ಬ ಕಾರಿಗೆ ಹಾಕುವ, ಒಳಗೆ ಮಡಿಚಿದ ಕಾಗದವಿರುವ ಫಿಲ್ಟರನ್ನು ಪೈಪಿನ ನಡುವೆ ಸೇರಿಸಿಕೊಟ್ಟ. ಊರೊಳಗೆ ಗಾಡಿ ಚೆನ್ನಾಗಿಯೇ ಓಡಿತು. ಒಂದು ಭಾನುವಾರ ಮಗಳನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ, ಅರ್ಧ ದಾರಿಯಲ್ಲಿ ಇಂಜಿನ್ನು ಮೊದಲು ಸೊರಗಿತು. ಅವರು ಆಕ್ಸಿಲರೇಟರನ್ನು ಇನ್ನಷ್ಟು ತಿರುವಿದರು. ಮರುಕ್ಷಣ ಹಿಂದಿನ ಚಕ್ರವೇ ನಿಂತುಹೋಯಿತು. ವೇಗ ಕಡಮೆಯಿದ್ದುದರಿಂದ ಇಬ್ಬರೂ ಮೊಣಕೈ ತರಚಿಕೊಂಡು ಎದ್ದರು. ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಂಡಿತ್ತು. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ‘ಸೀಜ್’ ಆಗಿತ್ತು.

ಹೀಗೇಕಾಯಿತು? ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಬಹುಮಟ್ಟಿಗೆ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸುತ್ತೇವೆ. ಪೆಟ್ರೋಲು ಕಡಮೆಯಾಯಿತೆಂದರೆ ಆಯಿಲೂ ಕಡಮೆಯಾಯಿತು. ಸಾಲದುದಕ್ಕೆ, ಗಾಳಿ ಹೆಚ್ಚಾಗಿ ಪೆಟ್ರೋಲು ಕಡಮೆಯಾದ ಮಿಶ್ರಣ ಇಂಜಿನ್ನನ್ನು ಮಿತಿಮೀರಿ ಕಾಯಿಸುತ್ತದೆ. ಕಾದ ಪಿಸ್ಟನ್ನು ಹಿಗ್ಗುತ್ತದೆ, ಜಾರಿಸುವ ಎಣ್ಣೆಯಿಲ್ಲ. ಆದ್ದರಿಂದ ಏರಿನಲ್ಲಿ ಗಾಡಿ ಸೊರಗಿದರೆ ಇನ್ನಷ್ಟು ತಿರುವಬೇಡಿ. ಕ್ಲಚ್ಚು ಹಿಡಿದು ಪಕ್ಕಕ್ಕೆ ನಿಲ್ಲಿಸಿ. ಎರಡು ನಿಮಿಷ ಬಿಟ್ಟರೆ ಕಾರ್ಬುರೇಟರಿನ ಬಟ್ಟಲು ಮತ್ತೆ ತುಂಬಿ ಗಾಡಿ ಏನೂ ಆಗದಂತೆ ಓಡುತ್ತದೆ. ಹೀಗೆ ಸುಧಾರಿಸಿಕೊಳ್ಳುವುದೇ ಪೆಟ್ರೋಲು ಸಾಲದೆಂಬುದಕ್ಕೆ ಗುರುತು.

ಹಾಗೆಂದು ತಪ್ಪೆಲ್ಲವನ್ನೂ ಫಿಲ್ಟರಿನ ತಲೆಗೆ ಕಟ್ಟುವಂತಿಲ್ಲ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದು ಸಣ್ಣ ಕಂಡಿಯಿರುತ್ತದೆ. ಅದು ಧೂಳಿನಿಂದ ಮುಚ್ಚಿದ್ದರೂ ಇದೇ ಲಕ್ಷಣ. ಮುಚ್ಚಳ ಸಡಿಲಿಸಿದೊಡನೆ ‘ಸುಯ್’ ಎಂದು ಗಾಳಿ ಒಳಹೋಗಿ ಗಾಡಿ ಸರಿಹೋದರೆ, ಕಳ್ಳ ಅಲ್ಲಿದ್ದಾನೆ.

ಇನ್ನು ಲೆಕ್ಕ ನೋಡೋಣ. ಲೀಟರಿಗೆ 30 ಕಿಲೋಮೀಟರ್ ಕೊಡುವ ಗಾಡಿ ಗಂಟೆಗೆ 60ರ ವೇಗದಲ್ಲಿ ಓಡಿದರೆ ಗಂಟೆಗೆ ಎರಡು ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 33 ಮಿಲಿಲೀಟರ್ ಬೇಕು. ಏರಿನಲ್ಲಿ ಅದರ ಮೂರರಷ್ಟು ಕುಡಿಯುತ್ತದೆಂದು ಇಟ್ಟುಕೊಂಡರೂ 100. ಎರಡರಷ್ಟು ಅನುಕೂಲವಿರಲಿ, ನಿಮಿಷಕ್ಕೆ 200 ಮಿಲಿಲೀಟರ್ ಇಳಿಯಬೇಕೆಂಬುದು ನಾನು ಇಟ್ಟುಕೊಂಡಿರುವ ಅಳತೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಇಂಜಿನ್ನು ತಣ್ಣಗಿರುವಾಗ, ಬಯಲಿನಲ್ಲಿ, ಬೆಂಕಿಯ ಸೋಂಕಿಲ್ಲದೆಡೆ ಕಾರ್ಬುರೇಟರಿನ ಕಡೆಯ ಪೈಪನ್ನು ಬಿಚ್ಚಿ, ಬಿಚ್ಚಿದ ಎತ್ತರದಲ್ಲೇ ಅದನ್ನು ಹಿಡಿದು, ಪೆಟ್ರೋಲನ್ನು ಅಳತೆಯ ಪಾತ್ರೆಗೆ ಬಿಟ್ಟು ಗಡಿಯಾರ ನೋಡಿ. ಟ್ಯಾಂಕು ತುಂಬಿದಾಗ ಅಲ್ಲ, ತಳ ಕಾಣುವಂತಿದ್ದಾಗ ನೋಡಬೇಕು. ಆಗಲೇ ತೂಕ ಕಡಮೆ. ಮೊದಲು ಫಿಲ್ಟರ್ ಸಹಿತ, ಆಮೇಲೆ ರಹಿತ. ಎರಡಕ್ಕೂ ಹೆಚ್ಚು ಅಂತರವಿದ್ದರೆ ಆ ಫಿಲ್ಟರ್ ನಿಮ್ಮ ಗಾಡಿಗೆ ತಕ್ಕದ್ದಲ್ಲ.

ತಕ್ಕದ್ದು ಯಾವುದು? ಕಾಗದದ್ದಲ್ಲ, ಜಾಲರಿಯದು. ಕಾರ್ಬುರೇಟರಿನ ಸಣ್ಣ ಜೆಟ್ಟಿನ ರಂಧ್ರವೇ ಸುಮಾರು ಅರ್ಧ ಮಿಲಿಮೀಟರ್. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಕಣ್ಣುಗಳ ಹಿತ್ತಾಳೆ ಅಥವಾ ನೈಲಾನ್ ಜಾಲರಿ ಧಾರಾಳವಾಗಿ ಸಾಕು. ಕಾಗದಕ್ಕೆ ನೀರು ತಾಗಿದರೆ ಉಬ್ಬಿಕೊಂಡು ದಾರಿ ಕಟ್ಟುತ್ತದೆ. ಗಾಜಿನ ಫಿಲ್ಟರ್ ನೋಡಲು ಚೆಂದ. ಬಿಸಿ ಇಂಜಿನ್ನಿನ ಮೇಲೆ ಅದು ಸೀಳಿದರೆ ಏನಾದೀತೆಂದು ಯೋಚಿಸಿದ ಮೇಲೆ ನಾನು ಅದರ ಆಸೆ ಬಿಟ್ಟೆ. ಫಿಲ್ಟರಿನ ಮೇಲಿನ ಬಾಣದ ಗುರುತು ಕಾರ್ಬುರೇಟರಿನ ಕಡೆಗಿರಲಿ. ಪೈಪು ಎಲ್ಲಿಯೂ ಮೇಲಕ್ಕೆ ಡೊಂಕಾಗದೆ ಒಂದೇ ಸಮನೆ ಕೆಳಕ್ಕಿಳಿಯಲಿ, ಸಿಲಿಂಡರಿಗೆ ತಾಗದಿರಲಿ. ಫಿಲ್ಟರ್ ಅರ್ಧ ಖಾಲಿ ಕಂಡ ಮಾತ್ರಕ್ಕೆ ಗಾಬರಿ ಬೇಡ. ಹರಿವು ಸರಿಯಿದ್ದರೆ ಅದು ಬರಿಯ ಗಾಳಿಗುಳ್ಳೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದರಿಂದ ಇನ್ನೊಂದು ತೊಡಕುಂಟು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಅದರೊಡನೆ ಸೇರಿ ತಳಕ್ಕೆ ಕೂರುತ್ತದೆ. ಹಳೆಯ ಟ್ಯಾಂಕಿನ ಅಂಟು ಕೊಳೆಯನ್ನು ಎಬ್ಬಿಸುತ್ತದೆ, ಹಳೆಯ ರಬ್ಬರ್ ಪೈಪನ್ನು ಒಳಗಿಂದಲೇ ಮೆತ್ತಗಾಗಿಸಿ ಉದುರಿಸುತ್ತದೆ. ಎಷ್ಟೋ ವೇಳೆ ಫಿಲ್ಟರಿನಲ್ಲಿ ಸಿಕ್ಕುವ ಕಪ್ಪು ಚೂರು ಟ್ಯಾಂಕಿನದಲ್ಲ, ಪೈಪಿನದು. ಎಥೆನಾಲ್ ತಡೆಯುವ ಪೈಪು ಕೇಳಿ ಕೊಳ್ಳಿ. ಮಳೆಗಾಲವೆಲ್ಲ ಗಾಡಿ ಮೂಲೆ ಸೇರುವುದಾದರೆ ಟ್ಯಾಂಕು, ಕಾರ್ಬುರೇಟರು ಎರಡನ್ನೂ ಬರಿದು ಮಾಡಿ, ಟ್ಯಾಂಕಿನ ಒಳಗೋಡೆಗೆ ಎಣ್ಣೆ ಸವರಿದಂತಾಗುವಷ್ಟು ಆಯಿಲ್ ಹಾಕಿ ಅಲ್ಲಾಡಿಸಿಡುವುದು ಮೇಲು.

ಹೊಸ ಫಿಲ್ಟರ್ ತಿಂಗಳೊಳಗೆ ಕೆಂಪಾದರೆ ಮತ್ತೊಂದು ಫಿಲ್ಟರ್ ಕೊಳ್ಳುವುದು ವ್ಯರ್ಥ. ಫಿಲ್ಟರ್ ತುಕ್ಕನ್ನು ಹಿಡಿಯುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಟ್ಯಾಂಕನ್ನೇ ಇಳಿಸಿ ತೊಳೆಯಿಸಬೇಕು. ನನ್ನ ಸ್ನೇಹಿತರು ಕಡೆಗೆ ಮಾಡಿದ್ದೂ ಅದನ್ನೇ. ಸಿಲಿಂಡರಿಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್ನು ಹಾಕಿಸಿ, ಟ್ಯಾಂಕು ತೊಳೆಯಿಸಿದ ಮೇಲೆ ಅವರ ಯೆಜ್ಡಿಯ ಪೈಪಿನ ನಡುವೆ ಈಗ ಯಾವ ಫಿಲ್ಟರೂ ಇಲ್ಲ. ಪೆಟ್ರೋಲ್ ಕಾಕಿನೊಳಗಿನ ಜರಡಿಯನ್ನು ಮಾತ್ರ ಎರಡು ತಿಂಗಳಿಗೊಮ್ಮೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಹಾಕುತ್ತಾರೆ.